ಕೆರೆ ಕಟ್ಟಿದೋರು, ಕೆರೆ ಕಾಯೋರು

ಅಕ್ಕ-ತಂಗ್ಯಾರೆ, ಮಯೂರವರ್ಮನ ಹೆಸರು ಕೇಳದೇ ಇರೋರು ನಮ್ಮ ಕಡೆ ಯಾರದಾರೆ ಹೇಳ್ರಿ? ಶಾಲೇಲಿ ಓದಿದ್ದು ಮರೆತರೂ ರಾಜಕುಮಾರ್ ಸಿನಿಮಾ ಮರೆತಿಲ್ಲ. ಅವನು ಓದಾಕೆ ಕಂಚಿಗೆ ಹೋಗಿದ್ದು, ಪಲ್ಲವರ ಮೇಲೆ ಸಿಟ್ಟಾಗಿ ಕತ್ತಿ ಹಿಡಿದಿದ್ದು ನಮಗೆ ತಿಳಿದಿದ್ದೇ ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನದಿಂದ. ಆದರೆ ಆ ಶಾಸನ ಬರೆಸಿದ್ದು ಯಾಕೆ ಅಂದರೆ, ಒಂದು ಕೆರೆಗೋಸ್ಕರ!

5ನೇ ಶತಮಾನದಾಗೆ ಕದಂಬರ ಕಾಕುಸ್ಥವರ್ಮ ಅಲ್ಲಿ ಶಿವನ ಗುಡಿ ಹತ್ರ ದೊಡ್ಡ ಕೆರೆ ಕಟ್ಟಿಸಿದ. ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಅನ್ನೋ ಕವಿ ಆ ಕೆರೆ ಸಂಗತೀನ ಸಂಸ್ಕೃತದಾಗೆ ಬರೆದ. ವಂಶದ ಕಥೆ ಅದರ ಜೊತೆ ಬಂದಿದ್ದು.

ಹಳೇ ಕಾಲದೋರು ಕೆರೆ ಕಟ್ಟಿ ಕೈ ತೊಳಕೊಳ್ತಿರಲಿಲ್ಲ. ಕೆರೆ ನೋಡಿಕೊಳ್ಳಾಕೆ ಅಂತಾನೇ ಭೂಮಿ ಬಿಡ್ತಿದ್ದರು. ಶಾಸನಗಳಲ್ಲಿ ಬರೋ ಬಿತ್ತುವಟ್ಟ, ಕಟ್ಟುಕೊಡಗೆ ಅಂದರೆ ಇದೇ. ಏರಿ ಮೇಲೆ ಗಿಡ ಬೆಳೀದಂಗೆ, ತೂಬು ಸೋರದಂಗೆ, ಹೂಳು ತುಂಬದಂಗೆ ನೋಡೋ ಖರ್ಚು ಅದರಿಂದ ಹುಟ್ಟಬೇಕಿತ್ತು. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ. ಹಿಂಗಾಗಿ ಒಂದು ಊರೋರು ಸೋಮಾರಿ ಆದರೆ ಇನ್ನೊಂದು ಊರಿನ ಗದ್ದೆ ಒಣಗ್ತಿತ್ತು.

ಆಮೇಲೆ ನೀರುಗಂಟಿ ಗದ್ದೆಗೆ ಸರದಿ ಪ್ರಕಾರ ನೀರು ಬಿಡ್ತಿದ್ದ. 1961ರ ಕಾಯ್ದೆ ಬಂದು ವಂಶಪಾರಂಪರ್ಯದ ಊರ ಚಾಕರಿಗಳು ರದ್ದಾದವು. ಅಪ್ಪ ಮಾಡಿದ ಚಾಕರಿ ಮಗನೂ ಮಾಡಬೇಕು ಅನ್ನೋದು ಹೋಗಿದ್ದು ಒಳ್ಳೇದೇ. ಆದರೆ ಕೆರೆ ಕಾಯೋ ಕೆಲಸಾನೂ ಅದರ ಜೊತೆ ಹೋಯ್ತು. ಈಗ 40 ಹೆಕ್ಟೇರಿಗಿಂತ ಜಾಸ್ತಿ ಅಚ್ಚುಕಟ್ಟು ಇರೋ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಸಣ್ಣವು ಪಂಚಾಯ್ತಿ ಲೆಕ್ಕಕ್ಕೆ. ಕಾಲುವೆಗೆ ಬಿದ್ದ ಕಸ ಮಾತ್ರ ಯಾರ ಲೆಕ್ಕಕ್ಕೂ ಇಲ್ಲ.

ಈಗ ತುಂಗಭದ್ರೆ ನೀರನ್ನ ಪಂಪಿನಿಂದ ಎತ್ತಿ ಉಡುಗಣಿ, ತಾಳಗುಂದ, ಹೊಸೂರು ಹೋಬಳಿ ಕೆರೆ ತುಂಬಿಸೋ ಯೋಜನೆ ಬಂದೈತೆ. ಸಂತೋಷನೇ. ಆದರೆ ತೂತು ಕೊಡಕ್ಕೆ ಎಷ್ಟು ನೀರು ಹೊತ್ತು ಹಾಕಿದರೆ ಏನು ಬಂತು? ಹೂಳು ತುಂಬಿದ ಕೆರೇಲಿ ನೀರು ನಿಲ್ಲೋದೇ ಕಮ್ಮಿ. ನಮ್ಮಲ್ಲಿ ಕೆರೆ ವಿಚಾರದ ಸಭೆ ಆದರೆ ಗಂಡಸರೇ ಕೂತು ಎದ್ದು ಬರ್ತಾರೆ. ನಾಟಿ ಮಾಡೋರು ನಾವು, ನೀರು ಎಲ್ಲಿ ನಿಂತು ಹೋಗುತ್ತೆ ಅಂತ ಕಂಡೋರು ನಾವು, ನಮ್ಮನ್ನ ಕೇಳೋರಿಲ್ಲ.

ಇದೇ ಬಂದಳಿಕೆ ಸೀಮೇಲಿ 911ರ ಹೊತ್ತಿಗೆ, ರಾಷ್ಟ್ರಕೂಟರ ಕಾಲದಾಗೆ, ಗಂಡ ತೀರಿಕೊಂಡ ಮೇಲೆ ಜಕ್ಕಿಯಬ್ಬೆ ಅನ್ನೋ ಹೆಣ್ಣುಮಗಳಿಗೆ ನಾಗರಖಂಡ 70ರ ಆಡಳಿತ ಕೊಟ್ಟಿದ್ದರು. ಕಡೇಗೆ ಕಾಯಿಲೆ ಬಂದಾಗ ಅಧಿಕಾರ ಮಗಳಿಗೆ ಒಪ್ಪಿಸಿ, ಬಂದಳಿಕೆ ಬಸದೀಲಿ ವ್ರತ ಹಿಡಿದು ದೇಹ ಬಿಟ್ಟಳು. ಆಗ ಎಪ್ಪತ್ತು ಊರು ಒಬ್ಬ ಹೆಂಗಸಿನ ಕೈಲಿ ಕೊಟ್ಟ ಸೀಮೆ ಇದು. ಈಗ ಒಂದು ಕೆರೆ ಮಾತಿಗೆ ನಾವು ಬ್ಯಾಡ್ವಾ?

ಮುಂದಿನ ಗ್ರಾಮಸಭೆಗೆ ನಾಲ್ಕು ಜನ ಆದರೂ ಜೊತೆಗೂಡಿ ಹೋಗೋಣ್ರಿ. ಹೂಳು ಯಾವಾಗ ತೆಗೀತೀರಿ, ತೂಬು ನೋಡೋರು ಯಾರು, ಅದಕ್ಕೆ ದುಡ್ಡು ಎಲ್ಲಿಟ್ಟೀರಿ ಅಂತ ಈ ಮೂರು ಮಾತು ಕೇಳಿ, ನಡಾವಳಿ ಪುಸ್ತಕದಾಗೆ ಬರೆಸಿಯೇ ಎದ್ದು ಬರೋಣ.