ಆರ್ಥಿಕ ಅನಿಶ್ಚಿತತೆ ಮತ್ತು ಬಳಸಿದ ದೋಣಿಗಳ ಮಾರುಕಟ್ಟೆ

ಬಳಸಿದ ದೋಣಿಗಳ ಮಾರುಕಟ್ಟೆ ಎಂದರೆ ಒಬ್ಬ ಅಥವಾ ಹಲವು ಮಾಲೀಕರ ಕೈ ದಾಟಿ ಬಂದ ಮೋಟಾರು ದೋಣಿ, ಹಾಯಿದೋಣಿ ಮತ್ತು ಯಾಟ್‌ಗಳ ಮರುಮಾರಾಟದ ವ್ಯವಸ್ಥೆ. ಆರ್ಥಿಕ ಹಿಂಜರಿತ, ಬಡ್ಡಿದರದ ಏರಿಕೆ, ತೆರಿಗೆ ನೀತಿಯ ಬದಲಾವಣೆ ಮುಂತಾದ ಕಾರಣಗಳಿಂದ ಮುಂದಿನ ದಿನಗಳ ಬಗ್ಗೆ ಜನರಲ್ಲಿ ಖಚಿತತೆ ಇಲ್ಲದಾಗ ಈ ಮಾರುಕಟ್ಟೆ ಬಹುಬೇಗ ಸ್ಪಂದಿಸುತ್ತದೆ. ವಿಹಾರ ದೋಣಿಯು ಅಗತ್ಯ ವಸ್ತುವಲ್ಲ. ಅದರ ಖರೀದಿಯನ್ನು ಮುಂದೂಡಿದರೆ ಯಾರ ಜೀವನವೂ ನಿಲ್ಲುವುದಿಲ್ಲ. ಆದರೆ ಒಮ್ಮೆ ಕೊಂಡ ದೋಣಿಯ ಖರ್ಚನ್ನು ಮುಂದೂಡಲು ಬರುವುದಿಲ್ಲ. ಈ ಮಾರುಕಟ್ಟೆಯ ಏರಿಳಿತಗಳ ಬಹುಭಾಗವನ್ನು ಈ ಎರಡು ಸಂಗತಿಗಳೇ ವಿವರಿಸುತ್ತವೆ. ಅನಿಶ್ಚಿತತೆಯ ಕಾಲದಲ್ಲಿ ಸಾಮಾನ್ಯವಾಗಿ ಮೊದಲು ಕುಸಿಯುವುದು ಬೆಲೆಯಲ್ಲ, ಮಾರಾಟದ ಸಂಖ್ಯೆ. ಬೆಲೆಯ ಕುಸಿತವು ತಡವಾಗಿ ಬರುತ್ತದೆ.

ಈ ಲೇಖನವು ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ ವಿಹಾರ ದೋಣಿ ಮಾರುಕಟ್ಟೆಯ 1990ರ ನಂತರದ ಅನುಭವವನ್ನು ಆಧರಿಸಿದೆ.

ಮಾರುಕಟ್ಟೆಯ ಸ್ವರೂಪ

ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ದೋಣಿಗಳ ಒಡಲು ಹೆಚ್ಚಾಗಿ ಮರದ್ದಾಗಿತ್ತು. ಕಾಲಕಾಲಕ್ಕೆ ಆರೈಕೆ ಇಲ್ಲದಿದ್ದರೆ ಅದು ಕೊಳೆತು ಹೋಗುತ್ತಿತ್ತು. 1960ರ ದಶಕದ ಹೊತ್ತಿಗೆ ಫೈಬರ್‌ಗ್ಲಾಸ್ ವ್ಯಾಪಕವಾಗಿ ಬಳಕೆಗೆ ಬಂದ ಮೇಲೆ ದೋಣಿಯ ಆಯುಷ್ಯ ಹಲವು ದಶಕಗಳಿಗೆ ವಿಸ್ತರಿಸಿತು. ಇದರ ಪರಿಣಾಮವಾಗಿ, ಹಿಂದೆ ತಯಾರಾದ ದೋಣಿಗಳ ದೊಡ್ಡ ದಾಸ್ತಾನು ಮಾರುಕಟ್ಟೆಯ ಸುತ್ತ ಸದಾ ಉಳಿದುಕೊಂಡಿರುತ್ತದೆ. ಅಮೆರಿಕದಲ್ಲಿ ಪ್ರತಿವರ್ಷ ಕೈಬದಲಾಗುವ ದೋಣಿಗಳಲ್ಲಿ ಬಹುಪಾಲು ಬಳಸಿದವೇ. ಹೊಸ ದೋಣಿಯ ತಯಾರಕರು ಬೇಡಿಕೆ ಕುಸಿದಾಗ ಕಾರ್ಖಾನೆಯನ್ನು ಮುಚ್ಚಿ ಪೂರೈಕೆಯನ್ನು ತಗ್ಗಿಸಬಲ್ಲರು. ಬಳಸಿದ ದೋಣಿಗಳ ಪೂರೈಕೆಗೆ ಅಂತಹ ಕೀಲಿ ಇಲ್ಲ. ಕಷ್ಟಕಾಲದಲ್ಲಿ ಅದು ಕಡಿಮೆಯಾಗುವ ಬದಲು ಹೆಚ್ಚುತ್ತದೆ.

ದೋಣಿಯನ್ನು ಇಟ್ಟುಕೊಳ್ಳುವುದಕ್ಕೂ ಹಣ ಬೇಕು. ಮರೀನಾದಲ್ಲಿ ನಿಲುಗಡೆ ಬಾಡಿಗೆ, ವಿಮೆ, ಚಳಿಗಾಲದಲ್ಲಿ ದಡಕ್ಕೆತ್ತಿ ಇರಿಸುವ ವೆಚ್ಚ, ಎಂಜಿನ್ ಆರೈಕೆ, ಒಡಲಿನ ತಳಕ್ಕೆ ಬಳಿಯುವ ಬಣ್ಣ ಇವೆಲ್ಲ ಸೇರಿ ವರ್ಷಕ್ಕೆ ದೋಣಿಯ ಬೆಲೆಯ ಶೇಕಡಾ 10ರಷ್ಟು ಆಗಬಹುದು ಎಂಬುದು ದೋಣಿಗಾರರಲ್ಲಿ ಪ್ರಚಲಿತವಿರುವ ಸ್ಥೂಲ ಲೆಕ್ಕ. ದೋಣಿ ಹಳತಾದಂತೆ ಅದರ ಬೆಲೆ ಇಳಿಯುತ್ತದೆ, ಈ ಖರ್ಚು ಮಾತ್ರ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಹೀಗಾಗಿ ಹಳೆಯ ದೋಣಿಗಳಲ್ಲಿ ವಾರ್ಷಿಕ ವೆಚ್ಚವು ಬೆಲೆಯನ್ನೇ ಮೀರುವ ಸಂದರ್ಭಗಳೂ ಇವೆ.

ಮೀನುಗಾರಿಕೆ ದೋಣಿಗಳ ಮರುಮಾರಾಟಕ್ಕೆ ಈ ತರ್ಕ ಪೂರ್ಣವಾಗಿ ಅನ್ವಯಿಸುವುದಿಲ್ಲ. ಕರ್ನಾಟಕದ ಮಲ್ಪೆ ಅಥವಾ ಮಂಗಳೂರಿನ ಬಂದರಿನಲ್ಲಿ ನಿಂತಿರುವ ಯಾಂತ್ರಿಕ ದೋಣಿಯು ದುಡಿಮೆಯ ಸಾಧನ. ಅದರ ಬೆಲೆಯು ಮುಂದಿನ ಋತುವಿನಲ್ಲಿ ಸಿಗಬಹುದಾದ ಮೀನು ಮತ್ತು ಡೀಸೆಲ್ ದರವನ್ನು ಅವಲಂಬಿಸಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಅದು ಏನನ್ನೂ ಗಳಿಸುವುದಿಲ್ಲ. ವಿಹಾರ ದೋಣಿಯು ವರ್ಷವಿಡೀ ಗಳಿಕೆಯಿಲ್ಲದ ವಸ್ತು.

ಅನಿಶ್ಚಿತತೆ ಪರಿಣಾಮ ಬೀರುವ ಬಗೆ

ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸಂಭವನೀಯತೆಯನ್ನು ಲೆಕ್ಕ ಹಾಕಬಹುದಾದ ಅಪಾಯಕ್ಕೂ ಲೆಕ್ಕಕ್ಕೆ ಸಿಗದ ಅನಿಶ್ಚಿತತೆಗೂ ಇರುವ ವ್ಯತ್ಯಾಸವನ್ನು ವಿವರಿಸಿದರು. ಬೆನ್ ಬರ್ನಾಂಕಿ 1983ರ ಪ್ರಬಂಧವೊಂದರಲ್ಲಿ ಮತ್ತೊಂದು ಅಂಶವನ್ನು ಮುಂದಿಟ್ಟರು: ಹಿಂದಕ್ಕೆ ಪಡೆಯಲಾಗದ ಹೂಡಿಕೆಯ ವಿಷಯದಲ್ಲಿ, ಭವಿಷ್ಯ ಮಸುಕಾಗಿರುವಾಗ ಕಾಯುವುದಕ್ಕೇ ಒಂದು ಮೌಲ್ಯವಿದೆ. ದೋಣಿಯನ್ನು ಕೊಂಡ ಮರುದಿನವೇ ಮಾರಹೊರಟರೆ ದಲ್ಲಾಳಿ ಶುಲ್ಕ, ತೆರಿಗೆ, ತಪಾಸಣೆಯ ವೆಚ್ಚ ಇವೆಲ್ಲ ಕೈಬಿಟ್ಟು ಹೋಗುತ್ತವೆ. ಆದ್ದರಿಂದ ಉದ್ಯೋಗದ ಭದ್ರತೆಯ ಬಗ್ಗೆ ಸಂಶಯವಿರುವ ಗ್ರಾಹಕನು ದೋಣಿ ಬೇಡವೆಂದು ತೀರ್ಮಾನಿಸುವುದಿಲ್ಲ. ಈ ವರ್ಷ ಬೇಡ ಎನ್ನುತ್ತಾನೆ.

ಮಾರಾಟಗಾರನ ನಡವಳಿಕೆ ಇದಕ್ಕೆ ಪೂರಕವಾಗಿರುತ್ತದೆ. ತಾನು ಕೊಟ್ಟ ಬೆಲೆಗಿಂತ ಕಡಿಮೆಗೆ ಮಾರಲು ಮನುಷ್ಯರು ತೋರುವ ಹಿಂಜರಿಕೆಯನ್ನು ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್‌ಸ್ಕಿ 1979ರಲ್ಲಿ ಮಂಡಿಸಿದ ಸಿದ್ಧಾಂತವು ವಿವರಿಸುತ್ತದೆ. ಡೇವಿಡ್ ಜೆನಿಸೋವ್ ಮತ್ತು ಕ್ರಿಸ್ಟೋಫರ್ ಮೇಯರ್ 2001ರಲ್ಲಿ ಬಾಸ್ಟನ್ ನಗರದ ವಸತಿ ಮಾರುಕಟ್ಟೆಯ ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ, ನಷ್ಟದ ಅಂಚಿನಲ್ಲಿರುವ ಮಾಲೀಕರು ಹೆಚ್ಚಿನ ಬೆಲೆ ಕೇಳುತ್ತಾರೆ ಮತ್ತು ಅವರ ಮನೆಗಳು ಹೆಚ್ಚು ಕಾಲ ಮಾರಾಟವಾಗದೆ ಉಳಿಯುತ್ತವೆ ಎಂದು ಕಂಡುಬಂದಿತು. ಆ ಅಧ್ಯಯನ ಮನೆಗಳದ್ದಾದರೂ ದೋಣಿಯ ವಿಷಯದಲ್ಲಿ ಅದನ್ನು ಅನ್ವಯಿಸಲು ಸಕಾರಣವಿದೆ. ದೋಣಿಗೆ ಮಾಲೀಕನು ಹೆಸರಿಟ್ಟಿರುತ್ತಾನೆ, ಕುಟುಂಬದ ಬೇಸಿಗೆಗಳನ್ನು ಅದರಲ್ಲಿ ಕಳೆದಿರುತ್ತಾನೆ. ಅದರ ಬೆಲೆಯನ್ನು ತಗ್ಗಿಸುವುದು ಅವನಿಗೆ ಬರಿಯ ಲೆಕ್ಕದ ವಿಷಯವಲ್ಲ.

ಕೊಳ್ಳುವವನು ಕಾಯುತ್ತಾನೆ, ಮಾರುವವನು ಇಳಿಯುವುದಿಲ್ಲ. ವ್ಯವಹಾರ ಸ್ತಬ್ಧವಾಗುತ್ತದೆ. ಈ ಹಂತದಲ್ಲಿ ಜಾಹೀರಾತಿನ ಬೆಲೆಗಳನ್ನಷ್ಟೇ ನೋಡಿದವರಿಗೆ ಮಾರುಕಟ್ಟೆ ಸ್ಥಿರವಾಗಿಯೇ ಇದೆ ಎಂಬ ಭ್ರಮೆ ಉಂಟಾಗಬಹುದು. ಆದರೆ ಕೇಳುವ ಬೆಲೆ ಬೇರೆ, ದೋಣಿ ನಿಜವಾಗಿ ಮಾರಾಟವಾಗುವ ಬೆಲೆ ಬೇರೆ. ಮುಂದಿನ ನಿಲುಗಡೆ ಬಾಡಿಗೆಯೋ ವಿಮೆಯ ಕಂತೋ ಬಾಕಿ ಬಿದ್ದಾಗ ಮಾಲೀಕರ ಹಠ ಸಡಿಲವಾಗುತ್ತದೆ. ಉತ್ತರದ ತಂಪು ಪ್ರದೇಶಗಳಲ್ಲಿ ಈ ಒತ್ತಡವು ಚಳಿಗಾಲಕ್ಕೆ ಮುನ್ನ, ಶರತ್ಕಾಲದಲ್ಲಿ, ತೀವ್ರವಾಗುತ್ತದೆ.

ಗುಣಮಟ್ಟದ ಪ್ರಶ್ನೆಯೂ ಇದೆ. ಜಾರ್ಜ್ ಅಕರ್ಲಾಫ್ 1970ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ, ವಸ್ತುವಿನ ದೋಷ ಮಾರುವವನಿಗೆ ಮಾತ್ರ ತಿಳಿದಿರುವಾಗ ಒಳ್ಳೆಯ ವಸ್ತುಗಳೂ ಬೆಲೆ ಕಳೆದುಕೊಳ್ಳುತ್ತವೆ ಎಂದು ತೋರಿಸಿದರು. ದೋಣಿಯ ದೋಷಗಳು ಕಾರಿಗಿಂತಲೂ ಗೂಢ: ಡೆಕ್ಕಿನ ಒಳಪದರದಲ್ಲಿ ಇಂಗಿದ ನೀರು, ಫೈಬರ್‌ಗ್ಲಾಸಿನಲ್ಲಿ ಏಳುವ ಬೊಕ್ಕೆಗಳು, ಉಪ್ಪುನೀರಿನಿಂದ ಸವೆದ ಎಂಜಿನ್ ಭಾಗಗಳು. ಕಷ್ಟಕಾಲದಲ್ಲಿ ಮಾಲೀಕರು ಮೊದಲು ಕಡಿತಗೊಳಿಸುವುದು ಆರೈಕೆಯ ಖರ್ಚನ್ನೇ ಆದ್ದರಿಂದ ಕೊಳ್ಳುವವರ ಸಂಶಯ ಹೆಚ್ಚುತ್ತದೆ. ದೋಣಿಯನ್ನು ನೀರಿನಿಂದ ಮೇಲೆತ್ತಿ ಸ್ವತಂತ್ರ ಪರಿಣತನಿಂದ ನಡೆಸುವ ತಪಾಸಣೆ ಮತ್ತು ನೀರಿನಲ್ಲಿ ಓಡಿಸಿ ನೋಡುವ ಪರೀಕ್ಷೆ ಈ ಸಂಶಯಕ್ಕೆ ಇರುವ ರೂಢಿಯ ಪರಿಹಾರ. ಖರೀದಿ ಒಪ್ಪಂದಗಳು ಸಾಮಾನ್ಯವಾಗಿ ಇವುಗಳ ಫಲಿತಾಂಶಕ್ಕೆ ಒಳಪಟ್ಟಿರುತ್ತವೆ. ಅನಿಶ್ಚಿತತೆಯ ಕಾಲದಲ್ಲಿ ತಪಾಸಣಾ ವರದಿಯು ಬೆಲೆಯನ್ನು ಮತ್ತೆ ಚೌಕಾಸಿ ಮಾಡುವ ಸಾಧನವಾಗಿಯೂ ಬಳಕೆಯಾಗುತ್ತದೆ.

ಐಷಾರಾಮ ತೆರಿಗೆಯ ಪ್ರಕರಣ

ತೆರಿಗೆ ನೀತಿಯು ಹೊಸ ಮತ್ತು ಹಳೆಯ ದೋಣಿಗಳ ನಡುವಿನ ಸಮತೋಲನವನ್ನು ಹೇಗೆ ಕದಡಬಲ್ಲದು ಎಂಬುದಕ್ಕೆ ಅಮೆರಿಕದ 1990ರ ಆಯವ್ಯಯ ಕಾನೂನು ಉತ್ತಮ ನಿದರ್ಶನ. ಆ ಕಾನೂನಿನ ಪ್ರಕಾರ 1991ರ ಜನವರಿಯಿಂದ ದೋಣಿಯ ಬೆಲೆಯಲ್ಲಿ 1,00,000 ಡಾಲರಿಗಿಂತ ಮೇಲಿನ ಭಾಗಕ್ಕೆ ಶೇಕಡಾ 10ರ ತೆರಿಗೆ ವಿಧಿಸಲಾಯಿತು. ಇದು ಮೊದಲ ಚಿಲ್ಲರೆ ಮಾರಾಟಕ್ಕೆ ಮಾತ್ರ ಅನ್ವಯಿಸುತ್ತಿದ್ದುದರಿಂದ ಬಳಸಿದ ದೋಣಿಗಳು ಅದರ ವ್ಯಾಪ್ತಿಯಿಂದ ಹೊರಗಿದ್ದವು. ಶ್ರೀಮಂತರಿಗೆ ತೆರಿಗೆಯಿಂದ ತಪ್ಪಿಸಿಕೊಳ್ಳುವ ದಾರಿ ಸುಲಭವಿತ್ತು: ಹಳೆಯ ಯಾಟ್ ಕೊಳ್ಳುವುದು, ಇರುವುದನ್ನೇ ನವೀಕರಿಸುವುದು, ಅಥವಾ ಸುಮ್ಮನೆ ಕಾಯುವುದು.

1990ರ ಜುಲೈಯಿಂದ 1991ರ ಮಾರ್ಚ್‌ವರೆಗೆ ಅಮೆರಿಕದಲ್ಲಿ ಹಿಂಜರಿತವೂ ಇತ್ತು. ಆದ್ದರಿಂದ ಹೊಸ ದೊಡ್ಡ ದೋಣಿಗಳ ಮಾರಾಟದ ತೀವ್ರ ಕುಸಿತದಲ್ಲಿ ತೆರಿಗೆಯ ಪಾಲೆಷ್ಟು, ಹಿಂಜರಿತದ ಪಾಲೆಷ್ಟು ಎಂಬುದು ಚರ್ಚಾಸ್ಪದ. ತೆರಿಗೆಯೊಂದನ್ನೇ ದೂರುವ ಜನಪ್ರಿಯ ನಿರೂಪಣೆಗಳು ಈ ಅಂಶವನ್ನು ಬಿಟ್ಟುಬಿಡುತ್ತವೆ. ಪೆಟ್ಟು ಬಿದ್ದುದು ಮಾತ್ರ ಕಾರ್ಖಾನೆಗಳ ಬಡಗಿಗಳು, ಫೈಬರ್‌ಗ್ಲಾಸ್ ಕೆಲಸಗಾರರು ಮತ್ತು ಮೆಕ್ಯಾನಿಕ್‌ಗಳಿಗೆ. ಸಾವಿರಾರು ಮಂದಿ ಉದ್ಯೋಗ ಕಳೆದುಕೊಂಡರು. 1993ರ ಆಗಸ್ಟ್‌ನಲ್ಲಿ ದೋಣಿಗಳ ಮೇಲಿನ ಈ ತೆರಿಗೆ ರದ್ದಾಯಿತು.

2008ರ ಹಣಕಾಸು ಬಿಕ್ಕಟ್ಟು

2008ರಲ್ಲಿ ಎರಡು ಆಘಾತಗಳು ಒಂದರ ಹಿಂದೊಂದು ಬಂದವು. ಬೇಸಿಗೆಯಲ್ಲಿ ಪೆಟ್ರೋಲ್ ದರವು ಗ್ಯಾಲನ್ನಿಗೆ 4 ಡಾಲರ್ ದಾಟಿ, ಇಂಧನ ಹೆಚ್ಚು ಬೇಡುವ ದೊಡ್ಡ ಮೋಟಾರು ದೋಣಿಗಳ ಬೇಡಿಕೆಯನ್ನು ಕುಗ್ಗಿಸಿತು. ಸೆಪ್ಟೆಂಬರ್ 15ರಂದು ಲೀಮನ್ ಬ್ರದರ್ಸ್ ದಿವಾಳಿಯಾದ ಬಳಿಕ ಸಾಲದ ಹರಿವೇ ಬತ್ತಿತು. ಅದುವರೆಗೆ ಅನೇಕ ಕುಟುಂಬಗಳು ಮನೆಯ ಏರಿದ ಮೌಲ್ಯದ ಆಧಾರದ ಮೇಲೆ ಸಾಲ ಪಡೆದು ದೋಣಿ ಕೊಂಡಿದ್ದವು. ಮನೆಯ ಬೆಲೆ ಕುಸಿದಾಗ ಆ ದಾರಿ ಮುಚ್ಚಿತು.

ದೋಣಿ ಸಾಲಗಳ ಅವಧಿ 15ರಿಂದ 20 ವರ್ಷಗಳಷ್ಟು ದೀರ್ಘವಾಗಿರುವುದು ಸಾಮಾನ್ಯ. ಮೊದಲ ವರ್ಷಗಳಲ್ಲಿ ಕಂತಿನ ಹೆಚ್ಚಿನ ಭಾಗ ಬಡ್ಡಿಗೇ ಹೋಗುವುದರಿಂದ, ಬೆಲೆ ಕುಸಿದರೆ ಬಾಕಿ ಸಾಲವು ದೋಣಿಯ ಮೌಲ್ಯವನ್ನು ಮೀರುತ್ತದೆ. ಇಂತಹ ಮಾಲೀಕನು ಮಾರಬೇಕಾದರೆ ತನ್ನ ಕೈಯಿಂದ ಬ್ಯಾಂಕಿಗೆ ಹಣ ತುಂಬಬೇಕು. ಕೆಲಸ ಕಳೆದುಕೊಂಡವನಿಗೆ ಅದು ಅಸಾಧ್ಯ. ಕೊನೆಗೆ ಸಾಲಗಾರ ಸಂಸ್ಥೆಗಳು ದೋಣಿಗಳನ್ನು ಜಪ್ತಿ ಮಾಡಿ ಹರಾಜಿಗಿಟ್ಟವು. ಹರಾಜಿನ ಬೆಲೆಗಳು ಪಕ್ಕದ ಮರೀನಾದಲ್ಲಿ ಸಾಲವಿಲ್ಲದೆ ನಿಂತಿದ್ದ ದೋಣಿಗಳ ಬೆಲೆಯನ್ನೂ ಕೆಳಗೆಳೆದವು. ಮಾರಾಟಗಾರರಿಗೆ ದಾಸ್ತಾನು ಸಾಲ ನೀಡುತ್ತಿದ್ದ ಕೆಲವು ಹಣಕಾಸು ಸಂಸ್ಥೆಗಳು ಈ ಕ್ಷೇತ್ರದಿಂದಲೇ ಹಿಂದೆ ಸರಿದಾಗ, ಅಂಗಡಿಯಲ್ಲಿ ನಿಂತಿದ್ದ ಹೊಸ ದೋಣಿಗಳನ್ನೂ ಭಾರಿ ರಿಯಾಯಿತಿಯಲ್ಲಿ ಮಾರಬೇಕಾಯಿತು. ಒಂದೆರಡು ವರ್ಷ ಹಳೆಯ ದೋಣಿಯ ಮಾಲೀಕನು ಹೀಗೆ ಹೊಸ ದೋಣಿಯೊಂದಿಗೇ ಸ್ಪರ್ಧಿಸುವ ಸ್ಥಿತಿ ಬಂದಿತು.

ತಯಾರಕರಲ್ಲಿ ಬ್ರನ್ಸ್‌ವಿಕ್ ಸಂಸ್ಥೆಯು ಹಲವು ಘಟಕಗಳನ್ನು ಮುಚ್ಚಿತು. ಗೆನ್‌ಮಾರ್ ಹೋಲ್ಡಿಂಗ್ಸ್ 2009ರ ಜೂನ್‌ನಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಸಲ್ಲಿಸಿತು. ಬಿಕ್ಕಟ್ಟಿನ ನಂತರದ ವರ್ಷಗಳಲ್ಲಿ ಹೊಸ ಮೋಟಾರು ದೋಣಿಗಳ ವಾರ್ಷಿಕ ಮಾರಾಟವು ಹಿಂದಿನ ದಶಕದ ಮಧ್ಯಭಾಗಕ್ಕೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿದಿತ್ತು. ಇದರ ದೀರ್ಘಕಾಲೀನ ಪರಿಣಾಮವನ್ನು ಗಮನಿಸಬೇಕು. 2009ರಿಂದ 2012ರವರೆಗೆ ಕಡಿಮೆ ದೋಣಿಗಳು ತಯಾರಾದ ಕಾರಣ, ಕೆಲವು ವರ್ಷಗಳ ನಂತರ ಐದರಿಂದ ಹತ್ತು ವರ್ಷ ಹಳೆಯ ಉತ್ತಮ ದೋಣಿಗಳ ಕೊರತೆ ಉಂಟಾಯಿತು. ಒಂದು ಕಾಲದ ಅನಿಶ್ಚಿತತೆ ಇನ್ನೊಂದು ಕಾಲದ ದುಬಾರಿ ಬೆಲೆಯಾಗಿ ಮರಳಿತು.

2020ರ ನಂತರದ ಏರಿಳಿತ

ಕೋವಿಡ್-19 ಸಾಂಕ್ರಾಮಿಕದ ಆರಂಭದಲ್ಲಿ ಉದ್ಯಮವು 2008ರ ಪುನರಾವರ್ತನೆಗೆ ಸಿದ್ಧವಾಗಿತ್ತು. ನಡೆದದ್ದು ವಿರುದ್ಧ. ವಿಮಾನ ಪ್ರಯಾಣ ಮತ್ತು ಹೋಟೆಲುಗಳು ನಿಂತುಹೋದಾಗ, ಕುಟುಂಬದವರು ಮಾತ್ರ ಸೇರಬಹುದಾದ ಬಯಲಿನ ಮನರಂಜನೆಯಾಗಿ ದೋಣಿ ವಿಹಾರಕ್ಕೆ ಬೇಡಿಕೆ ಏರಿತು. ಬಡ್ಡಿದರ ಶೂನ್ಯದ ಸಮೀಪವಿತ್ತು. 2020ರ ವಸಂತದಲ್ಲಿ ಮುಚ್ಚಿದ್ದ ಕಾರ್ಖಾನೆಗಳು ಪುನಃ ತೆರೆದರೂ ಎಂಜಿನ್, ರಾಳ ಮತ್ತು ಬಿಡಿಭಾಗಗಳ ಕೊರತೆಯಿಂದ ಹೊಸ ದೋಣಿಗೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಗ್ರಾಹಕರು ಬಳಸಿದ ದೋಣಿಗಳತ್ತ ತಿರುಗಿದರು. ಕೆಲವರು ತಪಾಸಣೆಯನ್ನೂ ಬಿಟ್ಟು ಕೊಂಡರು. ಅನಿಶ್ಚಿತತೆ ಎಂದರೆ ಬೇಡಿಕೆಯ ಕುಸಿತ ಎಂಬ ಸರಳ ಸಮೀಕರಣ ಇಲ್ಲಿ ಸುಳ್ಳಾಯಿತು. ಆದಾಯದ ಅನಿಶ್ಚಿತತೆ ಮತ್ತು ಆರೋಗ್ಯದ ಅನಿಶ್ಚಿತತೆ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವುದಿಲ್ಲ.

ಅಮೆರಿಕದ ಫೆಡರಲ್ ರಿಸರ್ವ್ 2022ರ ಮಾರ್ಚ್‌ನಿಂದ ದರ ಏರಿಸುತ್ತ ಬಂದು 2023ರ ಜುಲೈ ಹೊತ್ತಿಗೆ ಶೇಕಡಾ 5.25–5.50ಕ್ಕೆ ತಲುಪಿಸಿತು. ಸಾಲ ಮಾಡಿ ಕೊಳ್ಳುವ ಮಧ್ಯಮ ವರ್ಗದ ಖರೀದಿದಾರರು ಮೊದಲು ಹಿಂದೆ ಸರಿದರು. ನಗದು ಕೊಟ್ಟು ದೊಡ್ಡ ಯಾಟ್ ಕೊಳ್ಳುವವರ ಮೇಲೆ ಬಡ್ಡಿದರದ ಪರಿಣಾಮ ಕಡಿಮೆ. ಸಾಂಕ್ರಾಮಿಕದ ಕಾಲದಲ್ಲಿ ಏರಿದ ಬೆಲೆಗೆ ಕೊಂಡವರು ಮಾರಲು ಮುಂದಾದಾಗ ಹಳೆಯ ಬಿಕ್ಕಟ್ಟು ಮತ್ತೆ ಎದುರಾಯಿತು: ಕೊಟ್ಟ ಬೆಲೆ ಹೆಚ್ಚು, ಸಿಗುವ ಬೆಲೆ ಕಡಿಮೆ.

ಸುಂಕ ಮತ್ತು ವಿನಿಮಯ ದರ

ದೋಣಿಗಳು ಗಡಿ ದಾಟಿಯೂ ಮಾರಾಟವಾಗುತ್ತವೆ. 2016ರ ಜೂನ್‌ನ ಜನಮತಗಣನೆಯ ಬಳಿಕ ಬ್ರಿಟಿಷ್ ಪೌಂಡ್ ಡಾಲರಿನೆದುರು 31 ವರ್ಷಗಳಲ್ಲೇ ಕನಿಷ್ಠ ಮಟ್ಟಕ್ಕೆ ಇಳಿದಾಗ ಬ್ರಿಟನ್ನಿನ ಬಳಸಿದ ದೋಣಿಗಳು ವಿದೇಶಿ ಖರೀದಿದಾರರಿಗೆ ಅಗ್ಗವಾದವು. 2018ರ ಜೂನ್‌ನಲ್ಲಿ ಐರೋಪ್ಯ ಒಕ್ಕೂಟವು ಅಮೆರಿಕದ ದೋಣಿಗಳ ಮೇಲೆ ಶೇಕಡಾ 25ರ ಪ್ರತೀಕಾರ ಸುಂಕ ವಿಧಿಸಿತು. 2022ರ ಆರಂಭದಿಂದ ಅದನ್ನು ಅಮಾನತಿನಲ್ಲಿಡಲಾಯಿತು. ಇಂತಹ ಸುಂಕದ ಕಾಲದಲ್ಲಿ, ಈಗಾಗಲೇ ಆ ಪ್ರದೇಶದೊಳಗೆ ತೆರಿಗೆ ಪಾವತಿಸಿರುವ ಹಳೆಯ ದೋಣಿಗೆ ದಾಖಲೆಪತ್ರಗಳ ಕಾರಣದಿಂದಲೇ ಹೆಚ್ಚಿನ ಬೆಲೆ ಬರಬಹುದು.

ತೊರೆದ ದೋಣಿಗಳು

ಬೆಲೆ ಶೂನ್ಯಕ್ಕಿಂತ ಕೆಳಗಿಳಿಯುವುದು ದೋಣಿ ಮಾರುಕಟ್ಟೆಯ ವೈಶಿಷ್ಟ್ಯ. ಹಳೆಯ ಕಾರನ್ನು ಗುಜರಿಯವನು ಹಣ ಕೊಟ್ಟು ಒಯ್ಯುತ್ತಾನೆ, ಏಕೆಂದರೆ ಅದರಲ್ಲಿ ಉಕ್ಕಿದೆ. ಫೈಬರ್‌ಗ್ಲಾಸಿಗೆ ಮರುಬಳಕೆಯ ಮೌಲ್ಯ ಅತ್ಯಲ್ಪವಾದ್ದರಿಂದ ಹಳೆಯ ದೋಣಿಯನ್ನು ವಿಲೇವಾರಿ ಮಾಡಲು ಮಾಲೀಕನೇ ಹಣ ಕೊಡಬೇಕು. ಕೊಡಲಾರದ ಕೆಲವರು ನೋಂದಣಿ ಸಂಖ್ಯೆಯನ್ನು ಅಳಿಸಿ ದೋಣಿಯನ್ನು ಹಿನ್ನೀರಿನಲ್ಲಿ ಬಿಟ್ಟುಹೋಗುತ್ತಾರೆ. ಇನ್ನು ಕೆಲವರು ಅತ್ಯಲ್ಪ ಬೆಲೆಗೆ, ವಾಸಕ್ಕೆ ಮನೆಯಿಲ್ಲದವರಿಗೆ ಅದನ್ನು ಮಾರುತ್ತಾರೆ. ದೋಣಿಯ ಕೊನೆಯ ಹೊಣೆ ಅದನ್ನು ಹೊರಲು ಎಲ್ಲರಿಗಿಂತ ಕಡಿಮೆ ಶಕ್ತಿಯಿರುವವರ ಮೇಲೆ ಬೀಳುತ್ತದೆ. ಮುಳುಗಿದ ದೋಣಿಗಳಿಂದ ಇಂಧನ ಮತ್ತು ಬ್ಯಾಟರಿಯ ವಿಷಪದಾರ್ಥಗಳು ನೀರಿಗೆ ಸೇರುತ್ತವೆ, ಜಲಮಾರ್ಗಕ್ಕೂ ಅಡ್ಡಿಯಾಗುತ್ತದೆ.

ವಾಷಿಂಗ್ಟನ್ ರಾಜ್ಯವು 2002ರಲ್ಲಿ ಪಾಳು ದೋಣಿಗಳನ್ನು ತೆರವುಗೊಳಿಸುವ ಕಾರ್ಯಕ್ರಮವನ್ನು ಆರಂಭಿಸಿತು; ದೋಣಿ ನೋಂದಣಿಯ ಶುಲ್ಕದ ಒಂದು ಭಾಗ ಅದಕ್ಕೆ ಸಲ್ಲುತ್ತದೆ. ಕ್ಯಾಲಿಫೋರ್ನಿಯಾವು 2008ರ ಬಿಕ್ಕಟ್ಟಿನ ಬೆನ್ನಿಗೇ, ದೋಣಿಯನ್ನು ತೊರೆಯುವ ಮುನ್ನ ಮಾಲೀಕರೇ ಅದನ್ನು ಸ್ಥಳೀಯ ಸಂಸ್ಥೆಗೆ ಒಪ್ಪಿಸಲು ಅವಕಾಶ ಮಾಡಿಕೊಟ್ಟಿತು. ಫ್ರಾನ್ಸ್‌ನಲ್ಲಿ 2019ರಿಂದ ಹಳೆಯ ವಿಹಾರ ದೋಣಿಗಳನ್ನು ಕಳಚಿ ವಿಲೇವಾರಿ ಮಾಡುವ ವೆಚ್ಚಕ್ಕೆ ಹೊಸ ದೋಣಿಗಳನ್ನು ಮಾರುಕಟ್ಟೆಗೆ ತರುವವರು ಹಣ ನೀಡಬೇಕಾಗಿದೆ. ಮಾಲೀಕನು ದೋಣಿಯನ್ನು ನಿಗದಿತ ಕೇಂದ್ರಕ್ಕೆ ಸಾಗಿಸುವ ಖರ್ಚನ್ನು ಮಾತ್ರ ಭರಿಸುತ್ತಾನೆ.