ಕೊನೆಯ ದಿನಗಳ ಹವ್ಯಾಸ: ರೈಲು ಛಾಯಾಚಿತ್ರವೆಂಬ ಆಕರ

ರೈಲ್ವೆ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ನೆಚ್ಚಿಕೊಳ್ಳುವುದು ಆಡಳಿತ ವರದಿ, ಬಜೆಟ್ ಕಡತ, ವೇಳಾಪಟ್ಟಿಗಳನ್ನು. ಎಷ್ಟು ಮೈಲಿ ಹಳಿ ಹಾಕಲಾಯಿತು, ಎಷ್ಟು ಟನ್ ಸರಕು ಸಾಗಿತು, ಎಷ್ಟು ವರಮಾನ ಬಂತು ಎಂಬ ಲೆಕ್ಕ ಅವುಗಳಲ್ಲಿದೆ. ಇಂಥ ದಿನ ಇಂಥ ನಿಲ್ದಾಣಕ್ಕೆ ಯಾವ ಎಂಜಿನ್ ಎಷ್ಟು ಬೋಗಿಗಳನ್ನು ಎಳೆದುಕೊಂಡು ಬಂತು, ಸಿಗ್ನಲ್ ಎಂಥದ್ದಿತ್ತು, ಪ್ಲಾಟ್‌ಫಾರ್ಮಿನ ಮೇಲೆ ಯಾರು ಏನು ಮಾಡುತ್ತಿದ್ದರು ಎಂದು ಕೇಳಿದರೆ ಮಾತ್ರ ಕಡತ ಬಾಯಿಬಿಡುವುದಿಲ್ಲ. ಅಂಥ ವಿವರಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟವರು, ಕ್ಯಾಮೆರಾದಲ್ಲಿ ಹಿಡಿದಿಟ್ಟವರು ಬಹುಮಟ್ಟಿಗೆ ಹವ್ಯಾಸಿಗಳು. ಯಾರೂ ಹೇಳದಿದ್ದರೂ, ಯಾರೂ ಕೊಡದಿದ್ದರೂ, ಹಳಿಯ ಪಕ್ಕ ಬಿಸಿಲಲ್ಲಿ ಕಾದವರು. ಅವರ ಚಿತ್ರಗಳನ್ನು ಆಕರವಾಗಿ ಬಳಸುವಾಗ ಒಂದು ಎಚ್ಚರ ಬೇಕು. ರೈಲಿನ ಕಡೆಗೆ ಕ್ಯಾಮೆರಾ ಹೆಚ್ಚಾಗಿ ತಿರುಗಿದ್ದು ಯಾವುದಾದರೊಂದು ಬಗೆಯ ಯಂತ್ರ ಮರೆಯಾಗುವ ಹೊತ್ತಿಗೆ. ದಿನನಿತ್ಯ ಓಡಾಡುತ್ತಿದ್ದಾಗ ಅದನ್ನು ಚಿತ್ರಕ್ಕೆ ತಕ್ಕದ್ದೆಂದು ಎಣಿಸಿದವರು ಕಡಿಮೆ. ಹಾಗಾಗಿ ನಮ್ಮ ಪಾಲಿಗೆ ಉಳಿದಿರುವ ಸಂಗ್ರಹದಲ್ಲಿ ಬೀಳ್ಕೊಡುಗೆಗಳು ಹೆಚ್ಚು, ನಡುವಯಸ್ಸಿನ ದುಡಿಮೆಯ ದಿನಗಳು ಕಡಿಮೆ. ಈ ವಾಲಿಕೆಯನ್ನು ತೋರಿಸುವುದು, ಅದರ ನಡುವೆಯೂ ಒಂದು ಚಿತ್ರದಿಂದ ಏನೇನು ಹೊರಡಿಸಬಹುದೆಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬ್ರಿಟನ್ನಿನ ನಿದರ್ಶನದಲ್ಲಿ ಒಂದು ತೊಡಕಿದೆ, ಅದನ್ನು ಮೊದಲೇ ಬಿಡಿಸಿಕೊಳ್ಳಬೇಕು. ಅಲ್ಲಿ ಹವ್ಯಾಸ ಜನಪ್ರಿಯವಾದದ್ದು ಉಗಿ ಎಂಜಿನ್‌ಗಳು ಸಾಯುವ ಕಾಲದಲ್ಲಲ್ಲ, ಅವು ತುಂಬು ದುಡಿಮೆಯಲ್ಲಿದ್ದಾಗ. ಸದರ್ನ್ ರೈಲ್ವೆಯ ವಾಟರ್‌ಲೂ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಇಯಾನ್ ಅಲನ್ ಎಂಬ ತರುಣ ಎಂಜಿನ್‌ಗಳ ವಿವರ ಕೇಳಿ ಬರುವ ಪತ್ರಗಳಿಗೆ ಉತ್ತರ ಬರೆದು ಬರೆದು ಬೇಸತ್ತು, 1942ರಲ್ಲಿ ಆ ರೈಲ್ವೆಯ ಎಂಜಿನ್‌ಗಳ ಸಂಖ್ಯಾಪಟ್ಟಿಯನ್ನು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದ. ಯುದ್ಧಕಾಲದ ಹುಡುಗರು ಅದಕ್ಕೆ ಮುಗಿಬಿದ್ದರು. ಕಂಡ ಎಂಜಿನ್‌ನ ಸಂಖ್ಯೆಯ ಕೆಳಗೆ ಗೆರೆ ಎಳೆಯುವುದು, ಪಟ್ಟಿಯನ್ನೆಲ್ಲ ಗೆರೆಗಳಿಂದ ತುಂಬಿಸುವುದು, ಇಷ್ಟೇ ಆಟ. ಹುಡುಗರು ಹಳಿಗಿಳಿದು ತೊಂದರೆ ಕೊಡಲು ಶುರುಮಾಡಿದಾಗ ಅದೇ ದಶಕದಲ್ಲಿ ಅಲನ್ ಒಂದು ಕ್ಲಬ್ ಕಟ್ಟಿ, ರೈಲ್ವೆಯ ಜಾಗಕ್ಕೆ ಅತಿಕ್ರಮವಾಗಿ ನುಗ್ಗಬಾರದೆಂಬ ಕಟ್ಟಳೆ ಹಾಕಿದ. ಹವ್ಯಾಸಕ್ಕೆ ತನ್ನದೇ ಆದ ಶಿಸ್ತು ಬಂದದ್ದು ಹೀಗೆ. ಗಮನಿಸಬೇಕಾದದ್ದು, ಈ ಮಕ್ಕಳ ಕೈಯಲ್ಲಿದ್ದದ್ದು ಪೆನ್ಸಿಲ್. ಸಂಖ್ಯೆ ಬರೆಯುವವನಿಗೆ ಎಲ್ಲ ಎಂಜಿನ್ನೂ ಸಮಾನ; ಮಸಿ ಮೆತ್ತಿದ ಗೂಡ್ಸ್ ಎಂಜಿನ್ನಿಗೂ ಒಂದು ಗೆರೆ ಸಲ್ಲುತ್ತದೆ. ಕ್ಯಾಮೆರಾ ಹಿಡಿದವನಿಗೆ ಹಾಗಲ್ಲ. ಫಿಲಂ ದುಬಾರಿ, ಆಯ್ಕೆ ಅನಿವಾರ್ಯ. ಆಯ್ಕೆ ಹೆಸರಾಂತ ಎಕ್ಸ್‌ಪ್ರೆಸ್ಸಿನ ಕಡೆಗೆ, ಕೊನೆಯ ಓಟದ ಕಡೆಗೆ ವಾಲುತ್ತದೆ. 1968ರ ಆಗಸ್ಟ್ 11ರಂದು ಬ್ರಿಟಿಷ್ ರೈಲ್ವೆ ತನ್ನ ಮುಖ್ಯ ಮಾರ್ಗಗಳಲ್ಲಿ ಉಗಿ ಎಂಜಿನ್ನಿನ ಕಡೆಯ ರೈಲನ್ನು ಓಡಿಸಿದಾಗ ದಾರಿಯುದ್ದಕ್ಕೂ ಕ್ಯಾಮೆರಾಗಳ ಜಾತ್ರೆ ನೆರೆದಿತ್ತು. ವೇಕ್‌ಫೀಲ್ಡ್‌ನ ಬಿಷಪ್ ಆಗಿದ್ದ ಎರಿಕ್ ಟ್ರೀಸಿ ಆ ದೇಶದ ಹೆಸರಾಂತ ರೈಲು ಛಾಯಾಗ್ರಾಹಕರಲ್ಲಿ ಒಬ್ಬರು. 1978ರಲ್ಲಿ ಆಪಲ್‌ಬಿ ನಿಲ್ದಾಣದಲ್ಲಿ ವಿಶೇಷ ಓಟಕ್ಕೆ ಬರಲಿದ್ದ ಒಂದು ಉಗಿ ಎಂಜಿನ್ನಿಗಾಗಿ ಕಾಯುತ್ತಿದ್ದಾಗಲೇ ಅವರು ಕುಸಿದು ತೀರಿಕೊಂಡರು. ಅವರು ಕಾಯುತ್ತಿದ್ದದ್ದು ಈವ್ನಿಂಗ್ ಸ್ಟಾರ್ ಎಂಬ, 1960ರಲ್ಲಿ ಬ್ರಿಟಿಷ್ ರೈಲ್ವೆ ಕಟ್ಟಿದ ಕೊನೆಯ ಉಗಿ ಎಂಜಿನ್ನಿಗೆ.

ಅಮೆರಿಕದ ಓ. ವಿನ್‌ಸ್ಟನ್ ಲಿಂಕ್ ಮಾಡಿದ ಕೆಲಸ ಇದಕ್ಕಿಂತ ಜಟಿಲ. ಉಗಿ ಎಂಜಿನ್‌ಗಳನ್ನು ತಡವಾಗಿ ಕೈಬಿಟ್ಟ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಯ ಮಾರ್ಗದಲ್ಲಿ 1955ರಿಂದ 1960ರವರೆಗೆ, ಹೆಚ್ಚಾಗಿ ರಾತ್ರಿಯಲ್ಲಿ, ಸಾಲುಸಾಲು ಫ್ಲಾಶ್ ಬಲ್ಬುಗಳನ್ನು ಒಂದೇ ಕ್ಷಣಕ್ಕೆ ಉರಿಸಿ ಆತ ಚಿತ್ರ ತೆಗೆದ. ಲಿಂಕ್ ಕೂಡ ಕೊನೆಯ ದಿನಗಳನ್ನೇ ಹಿಡಿದವನು. ಆದರೆ ಅವನ ಚಿತ್ರಗಳಲ್ಲಿ ರೈಲಿನ ಜೊತೆಗೆ ಊರೂ ಇದೆ: ಮನೆಯೊಳಗೆ ಕುಳಿತವರು, ಈಜುತ್ತಿರುವ ಮಕ್ಕಳು, ಸಿಗ್ನಲ್ ದೀಪ ಹಿಡಿದ ಕೆಲಸಗಾರರು. ಅವನ ಅತಿ ಪ್ರಸಿದ್ಧ ಚಿತ್ರ 1956ರ ಆಗಸ್ಟ್‌ನಲ್ಲಿ ವೆಸ್ಟ್ ವರ್ಜೀನಿಯಾದ ಒಂದು ಬಯಲು ಚಿತ್ರಮಂದಿರದ್ದು. ಕಾರುಗಳಲ್ಲಿ ಕುಳಿತ ಜೋಡಿಗಳು, ಪರದೆಯ ಮೇಲೆ ವಿಮಾನ, ಹಿಂದೆ ಬಿಳಿ ಹೊಗೆ ಉಗುಳುತ್ತ ಓಡುವ ರೈಲು. ಫ್ಲಾಶ್‌ನ ಬೆಳಕಿಗೆ ಪರದೆ ಬಿಳಿಚಿಕೊಂಡಿದ್ದರಿಂದ ವಿಮಾನದ ಬಿಂಬವನ್ನು ಬೇರೆ ನೆಗೆಟಿವ್‌ನಿಂದ ತಂದು ಅಲ್ಲಿ ಕೂಡಿಸಲಾಗಿದೆ. ಹಾಗೆಂದು ಆ ಚಿತ್ರವನ್ನು ಸುಳ್ಳೆಂದು ತಳ್ಳಿಹಾಕಬೇಕಿಲ್ಲ. ಎಂಜಿನ್, ಜಾಗ, ಕಾಲ ಎಲ್ಲ ನಿಜ. ಆದರೆ ಯಾವ ಭಾಗಕ್ಕೆ ಸಾಕ್ಷ್ಯದ ತೂಕವಿದೆ, ಯಾವುದಕ್ಕಿಲ್ಲ ಎಂದು ಬೇರ್ಪಡಿಸುವ ಹೊಣೆ ನೋಡುವವನದು.

ಜಪಾನಿನಲ್ಲೂ ಕಥೆ ಇದೇ ಬಗೆಯದು: 1975ರ ಡಿಸೆಂಬರ್‌ನಲ್ಲಿ ಹೊಕ್ಕೈಡೊದಲ್ಲಿ ಉಗಿ ರೈಲುಗಳ ನಿಯತ ಓಟ ನಿಲ್ಲುವ ಹಿಂದಿನ ವರ್ಷಗಳಲ್ಲಿ ಹವ್ಯಾಸಿಗಳ ಅಲೆಯೇ ಎದ್ದಿತ್ತು.

ಭಾರತದಲ್ಲಿ ಉಗಿಯ ಕಾಲ ಇನ್ನೂ ಉದ್ದ ಎಳೆಯಿತು. ಚಿತ್ತರಂಜನ್ ಕಾರ್ಖಾನೆ ತನ್ನ ಕೊನೆಯ ಬ್ರಾಡ್ ಗೇಜ್ ಉಗಿ ಎಂಜಿನ್ನಿಗೆ 1970ರಲ್ಲಿ ‘ಅಂತಿಮ್ ಸಿತಾರಾ’ ಎಂದು ಹೆಸರಿಟ್ಟಿತು. 1972ಕ್ಕೆ ಮೀಟರ್ ಗೇಜ್ ಎಂಜಿನ್‌ಗಳ ತಯಾರಿಕೆಯೂ ಮುಗಿಯಿತು. ಓಟ ಮಾತ್ರ ಬ್ರಾಡ್ ಗೇಜ್‌ನಲ್ಲಿ 1995ರ ಡಿಸೆಂಬರ್‌ವರೆಗೂ ನಡೆಯಿತು. ತಮ್ಮ ನಾಡಿನಲ್ಲಿ ಉಗಿ ಆರಿಹೋದ ಮೇಲೆ ಯುರೋಪಿನ ಹವ್ಯಾಸಿಗಳು ಇಲ್ಲಿಗೆ ಬರತೊಡಗಿದರು. ಆ ದಶಕಗಳ ಭಾರತೀಯ ಉಗಿ ಎಂಜಿನ್‌ಗಳ ಒಳ್ಳೆಯ ಬಣ್ಣದ ಚಿತ್ರಗಳಲ್ಲಿ ದೊಡ್ಡ ಪಾಲು ಅವರದು. ನಮ್ಮವರು ತೆಗೆಯಲಿಲ್ಲವೇಕೆ? ಆಸಕ್ತಿ ಇರಲಿಲ್ಲ ಎನ್ನುವುದು ಅವಸರದ ತೀರ್ಮಾನ. ಕ್ಯಾಮೆರಾ ಮಧ್ಯಮ ವರ್ಗದ ಮನೆಯಲ್ಲೂ ಮದುವೆ, ನಾಮಕರಣಕ್ಕಷ್ಟೇ ಹೊರಬರುತ್ತಿದ್ದ ವಸ್ತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲಮ್ಸ್ ತಯಾರಿಸುತ್ತಿದ್ದ ‘ಇಂದು’ ಕಪ್ಪು ಬಿಳುಪು ಸುರುಳಿಯನ್ನೂ ಎಣಿಸಿ ಎಣಿಸಿ ಬಳಸುತ್ತಿದ್ದರು. ಮೇಲಾಗಿ ಸೇತುವೆ, ಯಾರ್ಡುಗಳ ಬಳಿ ಛಾಯಾಗ್ರಹಣ ನಿಷೇಧದ ಫಲಕ. ಎಂಜಿನ್ ಕಡೆಗೆ ಕ್ಯಾಮೆರಾ ಎತ್ತಿದವನನ್ನು ಗೂಢಚಾರನೆಂಬಂತೆ ಪ್ರಶ್ನಿಸುವ ವಾತಾವರಣದಲ್ಲಿ ವಿದೇಶಿಯ ಪ್ರವಾಸಿ ಅನುಮತಿಪತ್ರ ತಂದು ತೋರಿಸುತ್ತಿದ್ದ. ಊರಿನ ಹುಡುಗನಿಗೆ ಆ ದಾರಿಯೇ ಗೊತ್ತಿರಲಿಲ್ಲ.

ಕರ್ನಾಟಕದ ನಷ್ಟ ಎಲ್ಲಕ್ಕಿಂತ ಎದ್ದುಕಾಣುವುದು ಮೀಟರ್ ಗೇಜ್ ವಿಚಾರದಲ್ಲಿ. ಹಳೆಯ ಮೈಸೂರು, ಮಲೆನಾಡು, ಹುಬ್ಬಳ್ಳಿ ಸೀಮೆಯ ಬಹುತೇಕ ಮಾರ್ಗಗಳು ಮೀಟರ್ ಗೇಜ್‌ನವು. 1990ರ ದಶಕದಲ್ಲಿ ಗೇಜ್ ಪರಿವರ್ತನೆ ಭರದಿಂದ ಸಾಗಿದಾಗ ಅವು ಒಂದೊಂದಾಗಿ ಮುಚ್ಚಿದವು. ಹಾಸನ–ಮಂಗಳೂರು ಮಾರ್ಗವನ್ನೇ ನೋಡಿ. ಘಾಟಿಯನ್ನು ಕಡಿದು ಸುರಂಗ ಕೊರೆದು 1979ರಲ್ಲಿ ತೆರೆದ ಈ ಮೀಟರ್ ಗೇಜ್ ಮಾರ್ಗ 1996ರಲ್ಲಿ ಪರಿವರ್ತನೆಗೆಂದು ಮುಚ್ಚಿತು. ಬಾಳಿದ್ದು 17 ವರ್ಷ ಮಾತ್ರ. ಮತ್ತೆ ಪ್ರಯಾಣಿಕರ ರೈಲು ಏರಿದ್ದು 2007ರ ಡಿಸೆಂಬರ್‌ನಲ್ಲಿ. ಇಂದು ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ 57 ಸುರಂಗಗಳ ಆ ಘಾಟಿ ರಾಜ್ಯದಲ್ಲೇ ಅತಿ ಹೆಚ್ಚು ಕ್ಯಾಮೆರಾಗಳಿಗೆ ಮುಖ ಕೊಟ್ಟ ರೈಲುದಾರಿಗಳಲ್ಲೊಂದು. ಅದೇ ಸೇತುವೆಗಳ ಮೇಲೆ ಮೀಟರ್ ಗೇಜ್ ಡೀಸೆಲ್ ಎಂಜಿನ್ ಪುಟ್ಟ ಬೋಗಿಗಳನ್ನು ಎಳೆದುಕೊಂಡು ಹೋಗುತ್ತಿದ್ದ ಚಿತ್ರ ಹುಡುಕಹೊರಟರೆ ಈ ರಾಶಿಯ ಮುಂದೆ ಅವು ತೀರಾ ಕಡಿಮೆ. ಉಗಿ ಎಂಜಿನ್ನಿಗಿದ್ದ ಮೋಹ ಆ ಡೀಸೆಲ್‌ಗೆ ಇರಲಿಲ್ಲ. ಅದು ಮರೆಯಾಗುತ್ತದೆಂದು ಯಾರೂ ಎಣಿಸಿರಲೂ ಇಲ್ಲ.

ಕೆಲವೊಮ್ಮೆ ದಾಖಲೆ ಬೇರೆ ಬಾಗಿಲಿನಿಂದ ಬರುತ್ತದೆ. ಶಂಕರ್ ನಾಗ್ 1980ರ ದಶಕದಲ್ಲಿ ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ಚಿತ್ರಿಸಿದಾಗ ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣವೇ ಮಾಲ್ಗುಡಿಯ ನಿಲ್ದಾಣವಾಯಿತು. ಆ ಪುಟ್ಟ ಕಟ್ಟಡವನ್ನು ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ತೆರೆದಿದ್ದಾರೆ. ಕಲ್ಪಿತ ಊರಿನ ಹೆಸರು ಹೊತ್ತು ನಿಂತ ನಿಜವಾದ ನಿಲ್ದಾಣ ಅದು. ಕಥೆಗೆಂದು ತೆಗೆದ ದೃಶ್ಯಗಳು ಮಲೆನಾಡಿನ ಮೀಟರ್ ಗೇಜ್ ಬದುಕಿನ ಚಲಿಸುವ ದಾಖಲೆಯಾಗಿ ಉಳಿದಿವೆ.

ಇನ್ನು ಚಿತ್ರವನ್ನು ಓದುವ ಬಗೆ. ಕುಟುಂಬದ ಆಲ್ಬಂನಲ್ಲೋ ಹಳೆಯ ಪುಸ್ತಕದಂಗಡಿಯಲ್ಲೋ ತಾರೀಖಿಲ್ಲದ, ಟಿಪ್ಪಣಿಯಿಲ್ಲದ ಒಂದು ರೈಲಿನ ಚಿತ್ರ ಸಿಕ್ಕಿತೆನ್ನೋಣ. ಮೊದಲು ಎಂಜಿನ್ನಿನ ಮೈಮೇಲಿನ ಅಕ್ಷರಗಳು. ಡಬ್ಲ್ಯೂ ಎಂದರೆ ಬ್ರಾಡ್ ಗೇಜ್, ವೈ ಎಂದರೆ ಮೀಟರ್ ಗೇಜ್. ಡಿ ಡೀಸೆಲ್, ಎ ವಿದ್ಯುತ್. ಮುಂದಿನ ಅಕ್ಷರ ಪ್ರಯಾಣಿಕರದೋ ಸರಕಿನದೋ ಎರಡಕ್ಕೂ ಸಲ್ಲುವಂಥದ್ದೋ ಎಂಬುದನ್ನು ಹೇಳುತ್ತದೆ. ಅದರ ಪಕ್ಕದ ಐದಂಕಿಯ ಸಂಖ್ಯೆಯಿಂದ ಮಾದರಿ ಖಚಿತವಾಗುತ್ತದೆ: ಡಬ್ಲ್ಯೂಡಿಪಿ-4 ಎಂಜಿನ್‌ಗಳು 20 ಸಾವಿರದ ಸರಣಿಯವು, ಆಮೇಲೆ ಬಂದ ಎರಡು ಕ್ಯಾಬಿನ ಡಬ್ಲ್ಯೂಡಿಪಿ-4ಡಿ 40 ಸಾವಿರದವು. ಸಂಖ್ಯೆಯ ಕೊನೆಗೆ ಆರ್ ಅಕ್ಷರವಿದ್ದರೆ ಹಳೆಯ ಎಂಜಿನ್ನನ್ನು ಬಿಚ್ಚಿ ಮರುಕಟ್ಟಲಾಗಿದೆ ಎಂದರ್ಥ. ಹುಟ್ಟಿದ ವರ್ಷವನ್ನು ಸಂಖ್ಯೆಯಿಂದ ಊಹಿಸುವವರು ಇಲ್ಲಿ ಮುಗ್ಗರಿಸುತ್ತಾರೆ. ಕ್ಯಾಬಿನ ಬದಿಯಲ್ಲಿ ಕೃಷ್ಣರಾಜಪುರವೋ ಹುಬ್ಬಳ್ಳಿಯೋ, ಶೆಡ್ಡಿನ ಹೆಸರಿರುತ್ತದೆ. ಎಂಜಿನ್‌ಗಳು ಶೆಡ್ಡಿನಿಂದ ಶೆಡ್ಡಿಗೆ ವರ್ಗವಾಗುವುದರಿಂದ ಇದೂ ಕಾಲಸೂಚಕವೇ.

ಬೋಗಿ ಇನ್ನಷ್ಟು ಮಾತಾಡುತ್ತದೆ. ಪೆರಂಬೂರಿನ ಕಾರ್ಖಾನೆ 1955ರಿಂದ ಕಟ್ಟಿದ ಐಸಿಎಫ್ ಬೋಗಿಗಳ ಸಂಖ್ಯೆಯಲ್ಲಿ ಮೊದಲೆರಡು ಅಂಕಿ ತಯಾರಾದ ವರ್ಷ. ಚಿತ್ರ ಅದಕ್ಕಿಂತ ಹಿಂದಿನದಾಗಿರುವುದು ಸಾಧ್ಯವಿಲ್ಲ. ನೈಋತ್ಯ ರೈಲ್ವೆ ಹುಟ್ಟಿದ್ದು 2003ರಲ್ಲಿ. ಬೋಗಿಯ ಮೇಲೆ ಆ ವಲಯದ ಗುರುತಿದ್ದರೆ ಚಿತ್ರ ಅದರ ಈಚಿನದು. ಕಂದುಗೆಂಪು ಬಣ್ಣ ನೀಲಿಗೆ ತಿರುಗಿದ್ದು 1990ರ ದಶಕದಲ್ಲಿ. ನಿಲ್ದಾಣದ ಹಳದಿ ಫಲಕದಲ್ಲಿ ಕನ್ನಡದ ಸಾಲು ನೆರವಾಗದು, ಅದು ಮೊದಲಿನಿಂದಲೂ ಮೈಸೂರು, ಬೆಂಗಳೂರು ಎಂದೇ ಇದೆ. ಕಾಲ ತಿಳಿಸುವುದು 2014ರಲ್ಲಿ ಬದಲಾದ ಇಂಗ್ಲಿಷ್ ಕಾಗುಣಿತ. ತಲೆಯ ಮೇಲೆ ವಿದ್ಯುತ್ ತಂತಿ ಇದೆಯೇ, ಸಿಗ್ನಲ್ ಕೈಮರದ್ದೋ ಬಣ್ಣದ ದೀಪದ್ದೋ, ಸ್ಟೇಷನ್ ಸಿಬ್ಬಂದಿಯ ಕೈಯಲ್ಲಿ ಟೋಕನ್ ಸಿಕ್ಕಿಸಿದ ಬೆತ್ತದ ಬಳೆ ಇದೆಯೇ ಎಂದು ನೋಡಬೇಕು. ಕೊನೆಗೆ ನೆರಳು. ಪ್ಲಾಟ್‌ಫಾರ್ಮಿನ ದಿಕ್ಕು ಗೊತ್ತಿದ್ದರೆ ನೆರಳಿನಿಂದ ಹೊತ್ತು ತಿಳಿಯುತ್ತದೆ, ಹೊತ್ತನ್ನು ಆ ವರ್ಷದ ವೇಳಾಪಟ್ಟಿಯ ಪಕ್ಕದಲ್ಲಿಟ್ಟರೆ ರೈಲು ಯಾವುದೆಂದು ಹೇಳಬಹುದು. ಶಾಸನವನ್ನು ಲಿಪಿಯ ಆಧಾರದಿಂದ ಶತಮಾನಕ್ಕೆ ಹೊಂದಿಸುವ ನಮ್ಮ ವಿದ್ವಾಂಸರಿಗೆ ಈ ವಿಧಾನ ಹೊಸದೇನಲ್ಲ.

ಇಷ್ಟಾದರೂ ಈ ಚಿತ್ರಗಳಿಂದ ಸಿಗದ ಒಂದು ಸಂಗತಿಯಿದೆ: ದುಡಿಯುವ ಮನುಷ್ಯರು. ಹಳಿ ತಪಾಸಣೆಗೆ ಸುತ್ತಿಗೆ ಹೊತ್ತು ನಡೆಯುವ ಕೀಮ್ಯಾನ್ ಚೌಕಟ್ಟಿನಿಂದ ಆಚೆ ಹೋಗಲಿ ಎಂದು ಕಾಯುವುದೇ ಒಳ್ಳೆಯ ಅಭ್ಯಾಸವೆಂದು ಎಣಿಸುವ ಹವ್ಯಾಸಿಗಳಿದ್ದಾರೆ. ಎಂಜಿನ್ ಹೊಳೆಯಬೇಕು, ಹಿನ್ನೆಲೆ ಹಸಿರಾಗಿರಬೇಕು, ಅಷ್ಟೇ. ನನ್ನ ದೃಷ್ಟಿಯಲ್ಲಿ ಇದು ದೊಡ್ಡ ಕೊರತೆ. ಲಿಂಕ್‌ನ ಚಿತ್ರಗಳು ಇಂದಿಗೂ ಬಾಳುವುದಕ್ಕೆ ಎಂಜಿನ್‌ನಷ್ಟೇ ಅವುಗಳೊಳಗಿನ ಜನರೂ ಕಾರಣ.

ಘಾಟಿಗಳ ಆಕರ್ಷಣೆ ಮತ್ತೊಂದು ಸಮಸ್ಯೆ ತಂದಿದೆ. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಬ್ರಗಾಂಜಾ ಘಾಟಿಯಲ್ಲಿ ಪ್ರತಿ 37 ಮೀಟರಿಗೆ ಒಂದು ಮೀಟರ್ ಏರು. ಸಕಲೇಶಪುರದ ಕಡೆ 50ಕ್ಕೆ ಒಂದು. ಇಂಥ ಏರಿನಲ್ಲಿ ರೈಲಿಗೆ ಬ್ಯಾಂಕರ್ ಎಂಜಿನ್‌ಗಳನ್ನು ಹೆಚ್ಚುವರಿಯಾಗಿ ಜೋಡಿಸುತ್ತಾರೆ, ವೇಗ ತಗ್ಗುತ್ತದೆ, ಸದ್ದು ಏರುತ್ತದೆ. ಚಿತ್ರಕ್ಕೆ ಇದಕ್ಕಿಂತ ಬೇಕೇ? ಆದರೆ ಅಲ್ಲಿಗೆ ತಲುಪುವ ಸುಲಭದ ದಾರಿ ಹಳಿಯೇ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸಜೆ ಅಥವಾ ಸಾವಿರ ರೂಪಾಯಿವರೆಗೆ ದಂಡವಿದೆ. 2023ರ ಜುಲೈನಲ್ಲಿ ದೂಧ್‌ಸಾಗರಕ್ಕೆ ಹಳಿಗುಂಟ ಹೋದ ಚಾರಣಿಗರಿಂದ ಬಸ್ಕಿ ಹೊಡೆಸಿದ್ದು ಸುದ್ದಿಯಾಗಿತ್ತು. ಬಸ್ಕಿಯನ್ನು ಸಮರ್ಥಿಸುವುದು ಕಷ್ಟ. ಸುರಂಗದೊಳಗೆ ಕ್ಯಾಮೆರಾ ಹಿಡಿದು ನಿಲ್ಲುವವರನ್ನು ಸಮರ್ಥಿಸುವುದು ಇನ್ನೂ ಕಷ್ಟ. ಎಂಬತ್ತು ವರ್ಷಗಳ ಹಿಂದೆ ಲಂಡನ್ನಿನ ಒಬ್ಬ ಗುಮಾಸ್ತ ಶಾಲಾಮಕ್ಕಳಿಗೆ ಹಾಕಿದ ಕಟ್ಟಳೆಯನ್ನು ನಮ್ಮ ಹವ್ಯಾಸಿಗಳು ತಮಗೆ ತಾವೇ ಹಾಕಿಕೊಳ್ಳಬಹುದು.

ಈಗ ಮತ್ತೊಂದು ಕೊನೆ ಹತ್ತಿರವಾಗಿದೆ. ಐಸಿಎಫ್ ಮಾದರಿಯ ಬೋಗಿಗಳ ತಯಾರಿಕೆ 2018ರಲ್ಲೇ ನಿಂತಿತು. ಕೊಂಕಣ ರೈಲ್ವೆಯ ವಿದ್ಯುದೀಕರಣ 2022ರಲ್ಲಿ ಮುಗಿಯಿತು. ದಶಕಗಳ ಕಾಲ ಡೀಸೆಲ್ ಎಂಜಿನ್ ಕಟ್ಟಿದ ವಾರಾಣಸಿಯ ಕಾರ್ಖಾನೆ 2020ರಲ್ಲಿ ಹೆಸರಿನಿಂದ ಡೀಸೆಲ್ ಅನ್ನು ಕಳಚಿಕೊಂಡು ವಿದ್ಯುತ್ ಎಂಜಿನ್‌ಗಳತ್ತ ಹೊರಳಿದೆ. ಡೀಸೆಲ್‌ನ ಗುಡುಗಿಗೆ ಈಗಾಗಲೇ ಅಭಿಮಾನಿಗಳ ಗುಂಪು ಸೇರುತ್ತಿದೆ. ಮೊಬೈಲ್ ಕಾಲದಲ್ಲಿ ಚಿತ್ರಗಳಿಗೆ ಬರವಿಲ್ಲ, ಬರವಿರುವುದು ಟಿಪ್ಪಣಿಗೆ. ಹವ್ಯಾಸಿಗಳಲ್ಲಿ ನನ್ನ ವಿನಂತಿ ಇಷ್ಟು: ತಾರೀಖು, ನಿಲ್ದಾಣ, ರೈಲಿನ ಸಂಖ್ಯೆ, ಯಾವ ಕಡೆಗೆ ಹೊರಟಿತ್ತು, ಎಂಜಿನ್ ಯಾವ ಶೆಡ್ಡಿನದು, ಇವನ್ನು ಪ್ರತಿ ಚಿತ್ರದ ಜೊತೆ ಕನ್ನಡದಲ್ಲೇ ಬರೆದಿಡಿ, ಇಂದು ಯಾರೂ ತಿರುಗಿ ನೋಡದ ಪ್ಯಾಸೆಂಜರ್ ರೈಲು, ಗೇಟು, ಗ್ಯಾಂಗಿನವರನ್ನೂ ಚೌಕಟ್ಟಿಗೆ ಸೇರಿಸಿ. 1979ರಿಂದ ಮೈಸೂರಿನಲ್ಲೂ 2020ರಿಂದ ಹುಬ್ಬಳ್ಳಿಯಲ್ಲೂ ರೈಲು ವಸ್ತುಸಂಗ್ರಹಾಲಯಗಳಿವೆ. ಯಂತ್ರಗಳಿಗೆ ಜಾಗ ಕೊಟ್ಟ ಅವು, ಜೊತೆಗೆ ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು, ಇಂಥ ಚಿತ್ರಗಳನ್ನು ಟಿಪ್ಪಣಿ ಸಮೇತ ಪಡೆದು, ಸೂಚಿ ಮಾಡಿ, ಸಂಶೋಧಕರಿಗೆ ತೆರೆದಿಡುವ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.