ಕಾನೇಶದ ಮೃತ್ಫಲಕಗಳಲ್ಲಿ ವಿಶ್ವಾಸದ ಬೆಲೆ

ನಂಬಿಕೆಗೆ ತಪ್ಪದ ಗಿರಾಕಿಯನ್ನು ಪ್ರಾಚೀನ ವಣಿಜರು ಹೇಗೆ ಪುರಸ್ಕರಿಸುತ್ತಿದ್ದರೆಂಬುದನ್ನು ಅರಿಯಲು ರಾಜರ ಶಾಸನಗಳಿಗಿಂತ ವ್ಯಾಪಾರಿಗಳ ಸ್ವಂತ ಪತ್ರಗಳೇ ಹೆಚ್ಚು ಉಪಯುಕ್ತವಾದವು. ಅಂತಹ ಪತ್ರಗಳ ಬಹು ದೊಡ್ಡ ಸಂಚಯವೊಂದು ಇಂದಿನ ತುರ್ಕಿಯ ಕೈಸೇರಿ ನಗರದ ಸಮೀಪ, ಕುಲ್‌ತೆಪೆ ಎಂಬ ದಿಬ್ಬದಲ್ಲಿ ದೊರೆತಿದೆ. ಇದೇ ಪ್ರಾಚೀನ ಕಾನೇಶ. ೧೯೨೫ರಲ್ಲಿ ಬೆದ್ರಿಖ್ ಹ್ರೋಜ್ನಿ ಅವರೂ ೧೯೪೮ರಿಂದ ತಹ್ಸಿನ್ ಓಜ್‌ಗುಚ್ ಅವರೂ ನಡೆಸಿದ ಉತ್ಖನನಗಳಿಂದ ಈ ನೆಲೆ ಪ್ರಸಿದ್ಧವಾಯಿತು. ಇಲ್ಲಿಯ ಸುಮಾರು ೨೩,೦೦೦ ಮೃತ್ಫಲಕಗಳಲ್ಲಿ ಬಹುಪಾಲು ಕ್ರಿ.ಪೂ. ೧೯ನೆಯ ಶತಮಾನದವು.

ಟೈಗ್ರಿಸ್ ನದಿಯ ದಡದ ಅಸ್ಸೂರಿನಿಂದ ವಣಿಜರು ಕತ್ತೆಗಳ ಮೇಲೆ ತವರವನ್ನೂ ಉಣ್ಣೆಬಟ್ಟೆಗಳನ್ನೂ ಹೇರಿಕೊಂಡು ಇಲ್ಲಿಗೆ ಬರುತ್ತಿದ್ದರು. ಬೆಳ್ಳಿ ಬಂಗಾರಗಳನ್ನು ಮರಳಿ ಒಯ್ಯುತ್ತಿದ್ದರು. ಸರಕಿನ ಗಣನೀಯ ಭಾಗ ಉದ್ದರಿಯಲ್ಲಿಯೇ ಮಾರಾಟವಾಗುತ್ತಿತ್ತು. ಆದರೆ ಉದ್ದರಿ ಎಲ್ಲರಿಗೂ ಸಲ್ಲುತ್ತಿರಲಿಲ್ಲ. ನಿನ್ನಷ್ಟೇ ನೆಚ್ಚಬಹುದಾದವನಿಗೆ ಮಾತ್ರ ಸರಕನ್ನು ಕೊಡಬೇಕೆಂದು ವಣಿಜರು ತಮ್ಮ ಪ್ರತಿನಿಧಿಗಳಿಗೆ ಬರೆಯುತ್ತಿದ್ದರು. ಅಂತಹವನಿಗೆ ವಾರಗಳ ಲೆಕ್ಕದಲ್ಲಿ ಅವಧಿ ದೊರೆಯುತ್ತಿತ್ತು. ಅವಧಿ ಮೀರಿದರೆ ಬಡ್ಡಿ. ಅಸ್ಸೂರಿನವರ ನಡುವೆ ವಣಿಕ್ಸಂಘದ ಕಟ್ಟಳೆಯಂತೆ ಒಂದು ಮಿನಾ, ಅಂದರೆ ೬೦ ಶೆಕೆಲ್, ಬೆಳ್ಳಿಗೆ ತಿಂಗಳಿಗೆ ಒಂದೂವರೆ ಶೆಕೆಲ್; ಎಂದರೆ ವರ್ಷಕ್ಕೆ ಶೇಕಡಾ ೩೦. ಸ್ಥಳೀಯ ಸಾಲಗಾರರಿಗೆ ದರ ಅನೇಕ ವೇಳೆ ಇದಕ್ಕಿಂತ ಹೆಚ್ಚು. ಆದುದರಿಂದ ವಿಶ್ವಾಸಿಯು ಪಡೆದ ಪುರಸ್ಕಾರವು ಉಡುಗೊರೆಯಲ್ಲ, ಕಾಲಾವಕಾಶ. ಇಷ್ಟು ದುಬಾರಿ ಬಡ್ಡಿಯಿದ್ದ ಪೇಟೆಯಲ್ಲಿ ಅದರ ಮೌಲ್ಯ ಅಲ್ಪವಲ್ಲ.

ಇಲ್ಲಿ ಲೇಖಶಾಸ್ತ್ರದ ಅಭ್ಯಾಸಿಗಳು ಗಮನಿಸತಕ್ಕ ಅಂಶವೊಂದುಂಟು. ಸಾಲಪತ್ರದ ಫಲಕವನ್ನು ಮಣ್ಣಿನದೇ ಆದ ಲಕೋಟೆಯಲ್ಲಿಟ್ಟು, ಅದರ ಮೇಲೆ ಒಕ್ಕಣೆಯನ್ನು ಮತ್ತೆ ಬರೆದು, ಸಾಲಗಾರನ ಮತ್ತು ಸಾಕ್ಷಿಗಳ ಮುದ್ರೆಗಳನ್ನು ಒತ್ತುತ್ತಿದ್ದರು. ಸಾಲ ತೀರಿದಾಗ ಪತ್ರವನ್ನು ಸಾಲಗಾರನಿಗೆ ಹಿಂದಿರುಗಿಸಿ ರದ್ದುಪಡಿಸುತ್ತಿದ್ದರು. ಇದಕ್ಕೆ ಅವರ ಭಾಷೆಯಲ್ಲಿ ಫಲಕವನ್ನು ‘ಕೊಲ್ಲುವುದು’ ಎಂದೇ ಹೆಸರು. ಆದ್ದರಿಂದ ಧನಿಕನ ಮನೆಯಲ್ಲಿ ಲಕೋಟೆ ಒಡೆಯದೆ ಉಳಿದ ಸಾಲಪತ್ರಗಳು ಬಹುಮಟ್ಟಿಗೆ ತೀರದ ಸಾಲಗಳವು. ಮಾತಿಗೆ ತಪ್ಪದೆ ಸಲ್ಲಿಸಿದವನ ಪತ್ರವು ಅಲ್ಲಿ ಉಳಿಯುವ ಸಂಭವವೇ ಕಡಿಮೆ.

ಉಳಿದ ಲೇಖಗಳನ್ನು ಮಾತ್ರ ಎಣಿಸಿ ಆ ಕಾಲದ ವ್ಯವಹಾರವನ್ನು ನಿರ್ಣಯಿಸಿದರೆ ಬಾಕಿದಾರರೇ ಹೆಚ್ಚಾಗಿ ಕಾಣುವರು. ವಿಶ್ವಾಸಿಗಳ ಕುರುಹನ್ನು ಸಾಲಪತ್ರಗಳಲ್ಲಿ ಅಲ್ಲ, ಅವರನ್ನು ನೆಚ್ಚಿ ಸರಕನ್ನೊಪ್ಪಿಸಲು ಹೇಳುವ ಓಲೆಗಳಲ್ಲಿ ಅರಸಬೇಕು. ಯಾವುದೇ ಲೇಖಭಂಡಾರವನ್ನು ಪರಿಶೀಲಿಸುವಾಗ, ಇದು ಇಲ್ಲಿ ಏಕೆ ಉಳಿಯಿತು ಎಂಬ ಪ್ರಶ್ನೆಯನ್ನು ಮೊದಲು ಕೇಳುವುದು ಯುಕ್ತ.